ಏರಿಳಿಯುವ ಒಂದು ಸಂಖ್ಯೆ: 12345654321

ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನು (814–878) ಆಳುತ್ತಿದ್ದಾಗ, ಸುಮಾರು 850ರಲ್ಲಿ, ಜೈನಪಂಡಿತನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗ್ರಂಥದ ಆದಿಯಲ್ಲಿಯೇ ಆ ಅರಸನ ಸ್ತುತಿಯಿದೆ. ನಮ್ಮ ಸಾಂಗಲಿ-ಮಿರಜ ಸೀಮೆಯೂ ಅಂದು ರಾಷ್ಟ್ರಕೂಟರ ರಾಜ್ಯಕ್ಕೆ ಒಳಪಟ್ಟಿತ್ತು. ಅದೇ ವಂಶದ ನಾಲ್ಕನೆಯ ಗೋವಿಂದನ 933ರ ದಾನಶಾಸನವು ‘ಸಾಂಗಲಿ ತಾಮ್ರಪಟ’ವೆಂದೇ ವಿದ್ವಾಂಸರಲ್ಲಿ ಹೆಸರಾಗಿದೆ. ಆದುದರಿಂದ ಮಹಾವೀರನನ್ನು ನಾವು ಪರನಾಡಿನವನೆಂದು ಎಣಿಸಬೇಕಾಗಿಲ್ಲ. ಹಾಗೆಂದು ಆತನ ಗ್ರಂಥವನ್ನು ಕನ್ನಡ ಗ್ರಂಥವೆಂದು ಸಾರುವ ಉತ್ಸಾಹವೂ ನಮಗಿಲ್ಲ. ಅದು ಸಂಸ್ಕೃತದಲ್ಲಿದೆ. ಕನ್ನಡದಲ್ಲಿ ಗಣಿತವನ್ನು ಪದ್ಯರೂಪವಾಗಿ ಬರೆದ ಕೀರ್ತಿ 12ನೆಯ ಶತಮಾನದ ರಾಜಾದಿತ್ಯನಿಗೆ ಸಲ್ಲುತ್ತದೆ.

ಇರಲಿ. ಮಹಾವೀರನು ಗುಣಾಕಾರಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಸಂಖ್ಯೆ, ಒಂದರಿಂದ ಮೊದಲಾಗಿ ಆರರ ವರೆಗೆ ಏರಿ, ಅದೇ ಕ್ರಮದಿಂದ ಇಳಿಯುತ್ತದೆ: 12345654321. ಇದು 27994681ನ್ನು 441ರಿಂದ ಗುಣಿಸಿದಾಗ ಬರುವ ಫಲ. ಹನ್ನೊಂದು ಅಂಕಿಗಳ ಈ ಸಂಖ್ಯೆಯ ತಲೆಯ ಅಂಕಿಯು, ಆತನೇ ಹೇಳಿದ 24 ಸ್ಥಾನಗಳಲ್ಲಿ, ‘ಅರ್ಬುದ’ ಸ್ಥಾನದಲ್ಲಿ ನಿಲ್ಲುತ್ತದೆ.

ಗುಣಕಗಳನ್ನು ಬಿಡಿಸಿ ನೋಡಿದರೆ ಗುಟ್ಟು ಹೊರಬೀಳುತ್ತದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಅಂದಮೇಲೆ ನಮ್ಮ ಸಂಖ್ಯೆಯು ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ. 111111ನ್ನು ಅದರಿಂದಲೇ ಗುಣಿಸುವಾಗ ಪಾಟಿಯ ಮೇಲೆ ಅದೇ ಆರು ಒಂದುಗಳು ಆರು ಸಾಲುಗಳಲ್ಲಿ, ಒಂದೊಂದು ಸ್ಥಾನ ಎಡಕ್ಕೆ ಸರಿದು ಬರುತ್ತವೆ. ಬಲತುದಿಯಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿಕೆ. ಕೂಡಿದರೆ ಸಂಖ್ಯೆ ತಾನಾಗಿ ಮೂಡುತ್ತದೆ. ಇದರ ಅಂಕಿಗಳ ಮೊತ್ತ 36, ಅದೂ 6ರ ವರ್ಗವೇ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ವರ್ಗದಲ್ಲಿ ಇವು ಒಂದೊಂದೂ ಎರಡೆರಡು ಸಲ ಬರುತ್ತವೆ.

ಇಂಥ ಗುಣಲಬ್ಧಗಳಲ್ಲಿ ಕೆಲವನ್ನು ಮಹಾವೀರನು ಕಂಠಾಭರಣಕ್ಕೆ ಹೋಲಿಸಿದ್ದಾನೆ. 142857143 × 7 = 1000000001 ಎಂಬುದು ಅಂಥ ಒಂದು ಹಾರ. ಇವೆಲ್ಲ ಪಂಡಿತರ ವಿನೋದವೆಂದು ಕೆಲವರು ತಳ್ಳಿಹಾಕುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಒಬ್ಬನೇ ಮಾಸ್ತರನು ಎರಡು ಮೂರು ಇಯತ್ತೆಗಳನ್ನು ನೋಡಿಕೊಳ್ಳುವ ಗಡಿಭಾಗದ ಶಾಲೆಯಲ್ಲಿ ಪ್ರತಿಯೊಂದು ಪಾಟಿಯನ್ನು ತಿದ್ದಲು ಹೊತ್ತೆಲ್ಲಿ? ಉತ್ತರವು ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳದಿದ್ದರೆ ಲೆಕ್ಕ ತಪ್ಪಿತೆಂದು ಹುಡುಗನು ತಾನೇ ಅರಿಯುತ್ತಾನೆ. ಮಾಸ್ತರರ ದಾರಿ ಕಾಯಬೇಕಾಗಿಲ್ಲ. ಮಹಾವೀರನ ಉದ್ದೇಶವೂ ಇದೇ ಇದ್ದಿರಬೇಕೆಂದು ನಮ್ಮ ಊಹೆ. ಈ ಗ್ರಂಥವನ್ನು ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು; ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದ ಜೈನಮಠದಿಂದ ಹೊರಬಂದಿತು. ಅದು ನಮ್ಮ ಶಾಲೆಗಳ ಕಪಾಟುಗಳನ್ನು ಇನ್ನೂ ಸೇರಬೇಕಾಗಿದೆ.

ಈ ಏರಿಳಿತವು ಎಲ್ಲಿಯವರೆಗೆ ನಡೆಯುತ್ತದೆಂದು ಜಾಣ ಹುಡುಗರು ಕೇಳದೆ ಬಿಡರು. ಒಂಬತ್ತು ಒಂದುಗಳ ವರೆಗೆ ಬಾಧೆಯಿಲ್ಲ, ವರ್ಗವು 12345678987654321. ಹತ್ತನೆಯದು ಸೇರಿತೆಂದರೆ ನಡುವಿನ ಮೊತ್ತ ಹತ್ತಾಗಿ, ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕಾಗುತ್ತದೆ, ಹಾರ ಹರಿಯುತ್ತದೆ. ಆಗ ಬರುವುದು 1234567900987654321. ಇದರ ಏರುವ ಪಾದದಲ್ಲಿ 8 ಕಾಣೆಯಾಗಿದೆ. ಮಹಾವೀರನು 9ರಿಂದ ಗುಣಿಸಿ 111111111ನ್ನು ಪಡೆದ 12345679ರಲ್ಲಿಯೂ ಇಲ್ಲದಿರುವುದು ಇದೇ 8.