ಪ್ರಾಚೀನ ಪೆಂಗ್ವಿನ್ ಗೂಡುನೆಲೆಗಳು

ಪೆಂಗ್ವಿನ್‌ಗಳು ಹಿಂದೊಮ್ಮೆ ಗುಂಪಾಗಿ ಮೊಟ್ಟೆಯಿಟ್ಟು ಮರಿಮಾಡಿ, ಅನಂತರ ತೊರೆದುಹೋದ ಸ್ಥಳಗಳನ್ನು ಪ್ರಾಚೀನ ಪೆಂಗ್ವಿನ್ ಗೂಡುನೆಲೆಗಳು ಎನ್ನುತ್ತಾರೆ. ಅಂಟಾರ್ಕ್ಟಿಕ ಖಂಡದ ಕರಾವಳಿಯಲ್ಲಿ, ಮುಖ್ಯವಾಗಿ ರಾಸ್ ಸಮುದ್ರದ ದಂಡೆಯಲ್ಲಿ, ಇಂತಹ ಅನೇಕ ನೆಲೆಗಳಿವೆ. ಅಲ್ಲಿ ಉಳಿದಿರುವ ಮೂಳೆ, ಗರಿ, ಮೊಟ್ಟೆಯ ಚಿಪ್ಪು ಮತ್ತು ಹಿಕ್ಕೆಗಳ ಅಧ್ಯಯನದಿಂದ ಕಳೆದ ಸಾವಿರಾರು ವರ್ಷಗಳ ಹವಾಮಾನ, ಸಮುದ್ರಹಿಮದ ವಿಸ್ತಾರ ಮತ್ತು ಪೆಂಗ್ವಿನ್‌ಗಳ ಆಹಾರದ ಬಗೆಗೆ ತಿಳಿವಳಿಕೆ ದೊರೆಯುತ್ತದೆ. ಈ ಅಧ್ಯಯನದಲ್ಲಿ ಅತಿ ಹೆಚ್ಚು ಬಳಕೆಯಾಗಿರುವುದು ಅಡೆಲಿ ಪೆಂಗ್ವಿನ್‌ನ ಅವಶೇಷಗಳು.

ಗೂಡುನೆಲೆಗಳ ರಚನೆ

ಅಂಟಾರ್ಕ್ಟಿಕದಲ್ಲಿ ಗೂಡು ಕಟ್ಟಲು ಗಿಡಮರಗಳಿಲ್ಲ. ಅಡೆಲಿ ಪೆಂಗ್ವಿನ್ ಸಣ್ಣ ಹರಳುಕಲ್ಲುಗಳನ್ನು ಕೊಕ್ಕಿನಲ್ಲಿ ಕಚ್ಚಿ ತಂದು, ಹಿಮವಿಲ್ಲದ ಬರಿನೆಲದ ಮೇಲೆ ವೃತ್ತಾಕಾರವಾಗಿ ಜೋಡಿಸುತ್ತದೆ. ಕರಗಿದ ಹಿಮದ ನೀರು ಮೊಟ್ಟೆಗಳನ್ನು ತಾಗದಂತೆ ಈ ಕಲ್ಲುಗಳು ತಡೆಯುತ್ತವೆ. ಹಕ್ಕಿಗಳು ತಲೆಮಾರುಗಳವರೆಗೆ ಒಂದೇ ಸ್ಥಳಕ್ಕೆ ಮರಳಿ ಬರುವುದರಿಂದ ಕಲ್ಲು, ಹಿಕ್ಕೆ, ಗರಿ ಮತ್ತು ಸತ್ತ ಮರಿಗಳ ಮೂಳೆಗಳು ಪದರಪದರವಾಗಿ ಶೇಖರವಾಗಿ ದಿಬ್ಬಗಳಾಗುತ್ತವೆ. ಚಳಿ ಮತ್ತು ಶುಷ್ಕತೆಯ ಕಾರಣ ಈ ಅವಶೇಷಗಳು ಕೊಳೆಯದೆ ಉಳಿಯುತ್ತವೆ.

ರಾಸ್ ಸಮುದ್ರದ ದಂಡೆಯಲ್ಲಿ ಒಂದೇ ಗಾತ್ರದ ಹರಳುಕಲ್ಲುಗಳನ್ನು ಎತ್ತರದ ಒಣನೆಲಕ್ಕೆ ರಾಶಿಯಾಗಿ ಸಾಗಿಸುವ ಬೇರೆ ಪ್ರಾಣಿಯಿಲ್ಲ. ಆದುದರಿಂದ ಕಲ್ಲಿನ ದಿಬ್ಬ ಕಂಡಲ್ಲಿ ಹಿಂದೆ ಪೆಂಗ್ವಿನ್‌ಗಳಿದ್ದವೆಂದು ಊಹಿಸಬಹುದು. ಕಲ್ಲುಗಳ ಮೇಲೆ ಕಲ್ಲುಹೂವು ಬೆಳೆದಿದ್ದರೆ ನೆಲೆಯು ಬಹುಕಾಲದಿಂದ ಬರಿದಾಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಅಧ್ಯಯನದ ವಿಧಾನಗಳು

ಸಂಶೋಧಕರು ದಿಬ್ಬದಲ್ಲಿ ಸಣ್ಣ ಗುಂಡಿಯನ್ನು ಪದರಪದರವಾಗಿ ಅಗೆದು, ಪ್ರತಿ ಪದರದ ಮಣ್ಣನ್ನು ಜರಡಿ ಹಿಡಿಯುತ್ತಾರೆ. ದೊರೆತ ವಸ್ತುಗಳನ್ನು ಮುಖ್ಯವಾಗಿ ನಾಲ್ಕು ಬಗೆಯಲ್ಲಿ ಪರೀಕ್ಷಿಸಲಾಗುತ್ತದೆ.

ಕಾಲನಿರ್ಣಯ: ಮೂಳೆ, ಗರಿ ಮತ್ತು ಚಿಪ್ಪುಗಳ ವಯಸ್ಸನ್ನು ವಿಕಿರಣಶೀಲ ಇಂಗಾಲದ ವಿಧಾನದಿಂದ ಅಳೆಯುತ್ತಾರೆ. ದಕ್ಷಿಣ ಮಹಾಸಾಗರದಲ್ಲಿ ಆಳದಿಂದ ಮೇಲೇರುವ ನೀರಿನಲ್ಲಿ ಹಳೆಯ ಇಂಗಾಲವಿರುವುದರಿಂದ, ಅಲ್ಲಿ ಆಹಾರ ಪಡೆಯುವ ಹಕ್ಕಿಗಳ ಮೂಳೆಗಳು ನಿಜವಾದ ವಯಸ್ಸಿಗಿಂತ ಸುಮಾರು ಒಂದು ಸಾವಿರ ವರ್ಷ ಹಳೆಯವೆಂಬಂತೆ ತೋರುತ್ತವೆ. ಈ ವ್ಯತ್ಯಾಸವನ್ನು ತಿದ್ದಿದ ಬಳಿಕವೇ ಕಾಲವನ್ನು ಒಪ್ಪಲಾಗುತ್ತದೆ.

ಆಹಾರದ ಅವಶೇಷಗಳು: ಮೀನುಗಳ ಕಿವಿಯೊಳಗಿನ ಗಟ್ಟಿ ಹರಳುಗಳು ಮತ್ತು ಸ್ಕ್ವಿಡ್‌ಗಳ ಕೊಕ್ಕುಗಳು ಮಣ್ಣಿನಲ್ಲಿ ಉಳಿದಿರುತ್ತವೆ. ಇವುಗಳಿಂದ ಬೇಟೆಯ ಜಾತಿಯನ್ನು ಗುರುತಿಸಬಹುದು.

ಸಮಸ್ಥಾನಿಗಳ ಪರೀಕ್ಷೆ: ಆಹಾರ ಸರಪಳಿಯಲ್ಲಿ ಮೇಲೇರಿದಂತೆ ದೇಹದಲ್ಲಿ ಭಾರವಾದ ಸಾರಜನಕದ ಪ್ರಮಾಣ ಹೆಚ್ಚುತ್ತದೆ. ಚಿಪ್ಪಿನಲ್ಲಿರುವ ಈ ಪ್ರಮಾಣವನ್ನು ನೋಡಿ, ಹಕ್ಕಿಯು ಹೆಚ್ಚಾಗಿ ಮೀನನ್ನು ತಿಂದಿತೋ ಅಥವಾ ಸೀಗಡಿಯಂತಹ ಕ್ರಿಲ್ ಜೀವಿಗಳನ್ನು ತಿಂದಿತೋ ಎಂದು ತಿಳಿಯಬಹುದು.

ಪ್ರಾಚೀನ ಡಿಎನ್‌ಎ: ಇಂದಿನ ಹಕ್ಕಿಗಳ ಡಿಎನ್‌ಎಯನ್ನು ಅದೇ ಪ್ರದೇಶದ ಸಾವಿರಾರು ವರ್ಷ ಹಳೆಯ ಮೂಳೆಗಳ ಡಿಎನ್‌ಎಯೊಂದಿಗೆ ಹೋಲಿಸಿದ ಡೇವಿಡ್ ಲ್ಯಾಂಬರ್ಟ್ ಮತ್ತು ಸಂಗಡಿಗರು, ಅದರ ಒಂದು ಭಾಗವು ಹಿಂದೆ ಅಂದಾಜಿಸಿದ್ದಕ್ಕಿಂತ ವೇಗವಾಗಿ ಬದಲಾಗುತ್ತದೆಂದು 2002ರಲ್ಲಿ ಪ್ರಕಟಿಸಿದರು.

ರಾಸ್ ಸಮುದ್ರದ ದಾಖಲೆ

ಗೂಡುನೆಲೆಗೆ ಹಿಮವಿಲ್ಲದ ನೆಲ ಮತ್ತು ಬೇಸಿಗೆಯಲ್ಲಿ ನಡೆದು ತಲುಪಬಹುದಾದಷ್ಟು ಹತ್ತಿರದಲ್ಲಿ ತೆರೆದ ನೀರು ಎರಡೂ ಬೇಕು. ಚಳಿಗಾಲವನ್ನು ಅಡೆಲಿ ಪೆಂಗ್ವಿನ್‌ಗಳು ಸಮುದ್ರಹಿಮದ ಮೇಲೆಯೇ ಕಳೆಯುತ್ತವೆ. ಹೀಗಾಗಿ ಹಿಮವು ಅತಿಯಾದರೂ ಇಲ್ಲವಾದರೂ ಅವುಗಳಿಗೆ ಕಷ್ಟವೇ.

ಅಮೆರಿಕದ ವಿಜ್ಞಾನಿ ಸ್ಟೀವನ್ ಎಮ್‌ಸ್ಲಿ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಸುಮಾರು 45,000 ವರ್ಷಗಳ ಹಿಂದೆಯೇ ಅಡೆಲಿ ಪೆಂಗ್ವಿನ್‌ಗಳು ಇಲ್ಲಿ ಗೂಡು ಕಟ್ಟುತ್ತಿದ್ದವು. ಹಿಮಯುಗದ ತೀವ್ರ ಘಟ್ಟದಲ್ಲಿ ಹಿಮಹಾಸು ಸಮುದ್ರಕ್ಕೆ ಚಾಚಿಕೊಂಡಾಗ ಅವು ಕಣ್ಮರೆಯಾಗಿ, ಸುಮಾರು 8,000 ವರ್ಷಗಳ ಹಿಂದೆ ಮತ್ತೆ ನೆಲೆಸಿದವು. ಇಟಲಿಯ ಭೂವಿಜ್ಞಾನಿಗಳಾದ ಕಾರ್ಲೊ ಬರೋನಿ ಮತ್ತು ಜುಸೆಪ್ಪೆ ಒರೊಂಬೆಲಿ 1994ರಲ್ಲಿ, ಸುಮಾರು 4,000ದಿಂದ 3,000 ವರ್ಷಗಳ ಹಿಂದೆ ನೆಲೆಗಳು ಅತಿ ಹೆಚ್ಚಾಗಿದ್ದ ಅವಧಿಯನ್ನು ಗುರುತಿಸಿದರು. ಇದನ್ನು ‘ಪೆಂಗ್ವಿನ್‌ಗಳ ಸುಕಾಲ’ ಎನ್ನಬಹುದು. ಅನಂತರ ಸಮುದ್ರಹಿಮ ಹೆಚ್ಚಿದಂತೆ ಅನೇಕ ನೆಲೆಗಳು ಬರಿದಾದವು.

2016ರ ಜನವರಿಯಲ್ಲಿ ಎಮ್‌ಸ್ಲಿ ಅವರು ಡ್ರೈಗಾಲ್ಸ್ಕಿ ಹಿಮನಾಲಿಗೆಯ ದಕ್ಷಿಣದ ಇರಿಜಾರ್ ಭೂಶಿರದಲ್ಲಿ ಹರಳುಕಲ್ಲುಗಳ ರಾಶಿಯನ್ನೂ, ಆಗತಾನೇ ಸತ್ತಂತೆ ಕಾಣುವ ಗರಿಸಹಿತವಾದ ಮರಿಗಳ ದೇಹಗಳನ್ನೂ ಕಂಡರು. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ಅನ್ವೇಷಕರ ಕಾಲದಿಂದಲೂ ಅಲ್ಲಿ ಪೆಂಗ್ವಿನ್ ನೆಲೆಯಿದ್ದ ದಾಖಲೆಯಿರಲಿಲ್ಲ. ಪರೀಕ್ಷೆಯಿಂದ, ಕಳೆದ 5,000 ವರ್ಷಗಳಲ್ಲಿ ಆ ಸ್ಥಳದಲ್ಲಿ ಕನಿಷ್ಠ ಮೂರು ಬಾರಿ ಪೆಂಗ್ವಿನ್‌ಗಳು ನೆಲೆಸಿದ್ದವು, ಕೊನೆಯ ವಾಸ ಸುಮಾರು 800 ವರ್ಷಗಳ ಹಿಂದೆ ಮುಗಿಯಿತು ಎಂದು ತಿಳಿಯಿತು. ಹಿಮದಡಿಯಲ್ಲಿ ಹುದುಗಿ ಕಾಪಾಡಲ್ಪಟ್ಟಿದ್ದ ದೇಹಗಳು ಇತ್ತೀಚಿನ ಕರಗುವಿಕೆಯಿಂದ ಹೊರಬಿದ್ದಿದ್ದವು. ಈ ಸಂಶೋಧನೆ 2020ರಲ್ಲಿ ಪ್ರಕಟವಾಯಿತು.

ಆರ್ಡ್ಲಿ ದ್ವೀಪದ ಕೆಸರಿನ ದಾಖಲೆ

ಮೂಳೆಗಳಿಲ್ಲದೆಯೂ ಇಂತಹ ಅಧ್ಯಯನ ಸಾಧ್ಯ. ರಾಸ್ ಸಮುದ್ರದಿಂದ ಬಹುದೂರದಲ್ಲಿ, ಅಂಟಾರ್ಕ್ಟಿಕ ಪರ್ಯಾಯದ್ವೀಪದ ಬಳಿಯ ಆರ್ಡ್ಲಿ ದ್ವೀಪದ ಸರೋವರದ ಕೆಸರಿನಲ್ಲಿ ಪೆಂಗ್ವಿನ್ ಹಿಕ್ಕೆಯ ರಾಸಾಯನಿಕ ಗುರುತುಗಳಿವೆ. ಇವುಗಳ ಆಧಾರದಿಂದ ಚೀನಾದ ಸಂಶೋಧಕರು 2000ದಲ್ಲಿ 3,000 ವರ್ಷಗಳ ಪೆಂಗ್ವಿನ್ ಸಂಖ್ಯೆಯ ಏರಿಳಿತವನ್ನು ನಿರೂಪಿಸಿದರು. 2017ರ ಮತ್ತೊಂದು ಅಧ್ಯಯನವು ಡಿಸೆಪ್ಶನ್ ದ್ವೀಪದ ಜ್ವಾಲಾಮುಖಿ ಸ್ಫೋಟಗಳಿಂದ ಅಲ್ಲಿನ ಜೆಂಟೂ ಪೆಂಗ್ವಿನ್ ನೆಲೆ ಕನಿಷ್ಠ ಮೂರು ಬಾರಿ ಬಹುತೇಕ ನಾಶವಾಯಿತೆಂದೂ, ಚೇತರಿಕೆಗೆ ಸರಾಸರಿ 400ರಿಂದ 800 ವರ್ಷ ಬೇಕಾಯಿತೆಂದೂ ತೋರಿಸಿತು. ನೆಲೆಯೊಂದು ಬರಿದಾಗಲು ಹವಾಮಾನವೊಂದೇ ಕಾರಣವಲ್ಲ ಎಂಬ ಎಚ್ಚರಿಕೆ ಇದರಲ್ಲಿದೆ.

ಮಹತ್ವ

ಎಮ್‌ಸ್ಲಿ ಮತ್ತು ವಿಲಿಯಂ ಪ್ಯಾಟರ್ಸನ್ 2007ರಲ್ಲಿ ಪ್ರಕಟಿಸಿದ ಚಿಪ್ಪುಗಳ ಅಧ್ಯಯನದಂತೆ, ಪೆಂಗ್ವಿನ್‌ಗಳ ಆಹಾರದಲ್ಲಿ ಕ್ರಿಲ್ ಪ್ರಧಾನವಾದದ್ದು ಕಳೆದ ಸುಮಾರು 200 ವರ್ಷಗಳಲ್ಲಿ ಮಾತ್ರ. ಮಾನವರು ಸೀಲ್ ಮತ್ತು ತಿಮಿಂಗಿಲಗಳನ್ನು ಅಪಾರವಾಗಿ ಬೇಟೆಯಾಡಿದ್ದರಿಂದ ಅವು ತಿನ್ನುತ್ತಿದ್ದ ಕ್ರಿಲ್ ಉಳಿದು ಪೆಂಗ್ವಿನ್‌ಗಳಿಗೆ ದೊರೆಯಿತೆಂಬುದು ಅವರ ವಿವರಣೆ.

ಕೆಲವೇ ದಶಕಗಳ ಎಣಿಕೆಯಿಂದ ಪೆಂಗ್ವಿನ್ ಸಂಖ್ಯೆಯ ಸಹಜ ಏರಿಳಿತ ಯಾವುದು, ಹೊಸ ಅಪಾಯ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಹಳೆಯ ನೆಲೆಗಳು ಆ ಹೋಲಿಕೆಗೆ ದೀರ್ಘಕಾಲದ ಅಳತೆಗೋಲನ್ನು ಒದಗಿಸುತ್ತವೆ. ಸೂಕ್ತ ಸ್ಥಳ ದೊರೆತರೆ ಹಕ್ಕಿಗಳು ಶತಮಾನಗಳ ಬಳಿಕವೂ ಮರಳಿ ನೆಲೆಸಬಲ್ಲವು ಎಂಬುದಕ್ಕೂ ಅವು ಸಾಕ್ಷಿ. ಆದರೆ ಹಿಮ ಕರಗಿ ಹೊರಬಿದ್ದ ಅವಶೇಷಗಳು ಬೇಗ ಕೊಳೆಯುವುದರಿಂದ, ಅವನ್ನು ತೋರಿಸಿಕೊಡುವ ತಾಪಮಾನದ ಏರಿಕೆಯೇ ಅವುಗಳ ನಾಶಕ್ಕೂ ಕಾರಣವಾಗುತ್ತಿದೆ.