ಸಮಾಪನಾಧಿಕಾರಿ ಬಂದರೆ ಏನಾಗುತ್ತದೆ?

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಂಘ ಮುಚ್ಚುವ ಮಾತು ಯಾಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಆದರೆ ಯಾವುದೋ ಬ್ಯಾಂಕಿನ ಸುದ್ದಿ ಬಂದಾಗ ನಮ್ಮ ಗಾಜಿಪುರದ ಕಟ್ಟೆಯ ಮೇಲೆ ಕೂತು "ಲಿಕ್ವಿಡೇಟರ್ ಬಂದಾನಂತ, ಮುಗೀತು" ಅನ್ನುವವರು ನಾವೇ. ಆ ಮನುಷ್ಯ ಬಂದು ಮಾಡುವುದೇನು ಎಂದರೆ ಮಾತ್ರ ಹೇಳುವವರು ಕಡಿಮೆ.

ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದ ಕಾಲದಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ ಇತ್ತು. ಸಂಘ ಮುಳುಗಿದರೆ ಅದರ ಸಾಲ ಸದಸ್ಯನ ಹೊಲ-ಮನೆಗೂ ತಗಲುತ್ತಿತ್ತು. ಯಾರು ಎಷ್ಟು ತುಂಬಬೇಕು ಎಂದು ಗೊತ್ತುಮಾಡುವ ಅಧಿಕಾರವನ್ನು 1912ರ ಕಾಯ್ದೆ ಸಮಾಪನಾಧಿಕಾರಿಗೆ ಕೊಟ್ಟಿತು. ಸಂಘ ಬಿಟ್ಟುಹೋದ ಹಳೆಯ ಸದಸ್ಯನೂ ಪಾರಾಗುವಂತಿರಲಿಲ್ಲ. ಆತನ ಹೆಸರಿಗೆ ಅಂಟಿದ ಅಂಜಿಕೆ ಅಲ್ಲಿಂದ ಬಂದದ್ದಿರಬೇಕು.

ನಮ್ಮ ಜಿಲ್ಲೆ ಆಗ ನಿಜಾಮ ಸಂಸ್ಥಾನದಲ್ಲಿತ್ತು, ಕಾಯ್ದೆ ಬೇರೆ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಈಗ ನಡೆಯುವುದು 1959ರ ಸಹಕಾರ ಸಂಘಗಳ ಕಾಯ್ದೆ. ವಿಚಾರಣೆಯ ನಂತರ, ಇಲ್ಲವೇ ಮುಕ್ಕಾಲು ಪಾಲು ಸದಸ್ಯರು ಅರ್ಜಿ ಕೊಟ್ಟರೆ, ನಿಬಂಧಕರು ಸಮಾಪನೆಗೆ ಆದೇಶ ಮಾಡಿ ಅಧಿಕಾರಿಯನ್ನು ನೇಮಿಸುತ್ತಾರೆ. ಆತ ನಗದು, ಕೀರ್ದಿ-ಖಾತೆ, ತಿಜೋರಿ, ಗೋದಾಮಿನ ಕೀಲಿಕೈ ಎಲ್ಲ ವಶಕ್ಕೆ ತೆಗೆದುಕೊಂಡು, ಆಸ್ತಿ ಲಿಲಾವು ಮಾಡಿ, ಬರಬೇಕಾದ ಬಾಕಿ ವಸೂಲಿ ಮಾಡಿ, ಯಾರಿಗೆ ಮೊದಲು ಯಾರಿಗೆ ನಂತರ ಎಂದು ಸರತಿ ಹಚ್ಚಿ ಕೊಡುತ್ತಾನೆ. ಷೇರುದಾರನ ಪಾಳಿ ಕಡೆಗೆ. "ಸೊಸೈಟಿ ಮುಚ್ಚಿತು, ನಮ್ಮ ಸಾಲ ಮಾಫಿ" ಎಂದು ಕೆಲವರು ಮೀಸೆ ತಿರುವುತ್ತಾರೆ. ಸುಳ್ಳು! ಸಾಲಗಾರನ ಮನೆ ಬಾಗಿಲಿಗೆ ಸಮಾಪನಾಧಿಕಾರಿಯ ನೋಟೀಸೇ ಮೊದಲು ಬರುವುದು.

ನೆರೆಯ ವಿಜಯಪುರದ ಡೆಕ್ಕನ್ ಅರ್ಬನ್ ಸಹಕಾರಿ ಬ್ಯಾಂಕಿನ ಲೈಸೆನ್ಸನ್ನು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ರದ್ದು ಮಾಡಿ, ಸಮಾಪನಾಧಿಕಾರಿಯನ್ನು ನೇಮಿಸುವಂತೆ ರಾಜ್ಯದ ನಿಬಂಧಕರನ್ನು ಕೇಳಿತು. ಬ್ಯಾಂಕಿನ ಠೇವಣಿಗೆ ವಿಮೆ ಇದೆ. 2020ರಿಂದ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ. ಠೇವಣಿದಾರರ ಪಟ್ಟಿ ಕಳಿಸುವುದು ಸಮಾಪನಾಧಿಕಾರಿಯ ಕೆಲಸ. ವಿಮಾ ನಿಗಮ ಹಣ ಕೊಟ್ಟು, ಆತ ವಸೂಲಿ ಮಾಡಿದ್ದರಲ್ಲಿ ಮರಳಿ ಪಡೆಯುತ್ತದೆ.

ನಮ್ಮಂಥ ಹಳ್ಳಿಯ ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಇಲ್ಲಿ ಠೇವಣಿದಾರನ ಕೈಗೆ ಬರುವುದು ಗೋದಾಮು ಮಾರಿದ ಹಣ, ಬಾಕಿದಾರರು ಕಟ್ಟಿದ ಹಣ, ಅಷ್ಟೇ.