ಇಳಿಜಾರಿನ ನಡಿಗೆ: ಜೈಪುರ ಕಾಲಿನ ವಾದ ಮತ್ತು ಮಲೆನಾಡಿನ ಅಂಗವಿಕಲ ಮಾಜಿ ಸೈನಿಕರು

ಡಾ. ಪಿ.ಕೆ. ಸೇಠಿ ಮತ್ತು ಅವರ ಸಂಗಡಿಗರು ಗಡಸುಗೊಳಿಸಿದ ರಬ್ಬರಿನ ಪಾದವನ್ನು, ಅಂದರೆ ಜೈಪುರ ಕಾಲನ್ನು, ಕುರಿತು 1978ರಲ್ಲಿ ಪ್ರಕಟಿಸಿದ ಲೇಖನವು ಭಾರತದ ಪುನರ್ವಸತಿ ಚಿಂತನೆಯ ದಿಕ್ಕನ್ನೇ ಬದಲಿಸಿತು. ಪಾಶ್ಚಾತ್ಯರ ಸ್ಯಾಚ್ ಎಂಬ, ಕೀಲು ಬಾಗದ ಕೃತಕ ಪಾದಕ್ಕೆ ಬೂಟು ಬೇಕು. ಅದನ್ನು ತೊಟ್ಟವರು ಕುಕ್ಕರಗಾಲಲ್ಲಿ ಕೂರಲಾರರು, ಚಕ್ಕಳಮಕ್ಕಳ ಹಾಕಲಾರರು, ಬರಿಗಾಲಲ್ಲಿ ಗದ್ದೆಗೆ ಇಳಿಯಲಾರರು. ಕೃತಕ ಕಾಲು ತೊಡುವವರ ಬದುಕಿಗೆ ಹೊಂದಬೇಕು ಎಂಬ ಸೇಠಿಯವರ ನಿಲುವನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ; ನಾನೂ ಅಲ್ಲಗಳೆಯುವುದಿಲ್ಲ. ಆದರೆ ಆ ವಾದದ ಹಿನ್ನೆಲೆಯಲ್ಲಿರುವ ಹಳ್ಳಿ ಬಹುಮಟ್ಟಿಗೆ ಬಯಲುಸೀಮೆಯ ಹಳ್ಳಿ. ಗಾಯಗೊಂಡು ಸೇನೆಯಿಂದ ಮಲೆನಾಡಿನ ಮೂಡಿಗೆರೆ, ಕಳಸ, ಹೊರನಾಡಿನ ಗುಡ್ಡಗಳಿಗೆ ಮರಳುವ ಸೈನಿಕನ ಮಟ್ಟಿಗೆ ಅದು ಅಪೂರ್ಣ ಎಂಬುದು ಈ ಲೇಖನದ ಪ್ರತಿಪಾದನೆ.

ಸೈನಿಕರ ಪುನರ್ವಸತಿಯ ಸಾಂಸ್ಥಿಕ ಚರಿತ್ರೆ ಪರಿಚಿತವಾದದ್ದು. 1917ರಲ್ಲಿ ಅಂಗವಿಕಲ ಸೈನಿಕರ ವೃತ್ತಿ ತರಬೇತಿಗೆಂದು ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆ, 1944ರಲ್ಲಿ ಪುಣೆಯ ಕೃತಕ ಅಂಗ ಕೇಂದ್ರ, 1974ರಲ್ಲಿ ಖಡಕಿಯಲ್ಲಿ ಬೆನ್ನುಹುರಿ ಗಾಯಾಳುಗಳ ಪುನರ್ವಸತಿ ಕೇಂದ್ರ ಆರಂಭವಾದವು. ವಿಶ್ವ ಆರೋಗ್ಯ ಸಂಸ್ಥೆಯ 2001ರ ವರ್ಗೀಕರಣವು ವೈಕಲ್ಯವನ್ನು ದೇಹದಲ್ಲಷ್ಟೇ ನೋಡದೆ ಚಟುವಟಿಕೆ, ಪಾಲ್ಗೊಳ್ಳುವಿಕೆ, ಪರಿಸರಗಳ ನಡುವೆ ಇಟ್ಟು ನೋಡಿತು. ವ್ಯಕ್ತಿ ಪರೀಕ್ಷೆಯ ಕೊಠಡಿಯಲ್ಲಿ ಏನು ಮಾಡಬಲ್ಲ, ತನ್ನ ಊರಿನಲ್ಲಿ ವಾಸ್ತವವಾಗಿ ಏನು ಮಾಡುತ್ತಾನೆ ಎಂಬ ಎರಡನ್ನೂ ಅದು ಬೇರೆಬೇರೆಯಾಗಿ ಗುರುತಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಪರಿಸರದ ಅಡೆತಡೆಗಳನ್ನು ಒಪ್ಪಿಕೊಂಡಿದೆ. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಪಾದದ ವಿಷಯದಲ್ಲಿ. ಆರ್ಯ ಮತ್ತು ಸಂಗಡಿಗರ 1995ರ ಹೋಲಿಕೆಯಲ್ಲಿ ಆಘಾತ ತಡೆಯುವುದರಲ್ಲಿ ಸ್ಯಾಚ್ ಪಾದ ಮೇಲೆನಿಸಿತು. ನಡಿಗೆಯ ಸಹಜತೆಯಲ್ಲಿ ಜೈಪುರ ಕಾಲು ನಿಜವಾದ ಪಾದಕ್ಕೆ ಹೆಚ್ಚು ಹತ್ತಿರ ಬಂತು. ಸೇಠಿಯವರ ವಾದಕ್ಕೆ ಇದು ಬೆಂಬಲ. ಆದರೆ ಯೆನ್ಸನ್ ಮತ್ತು ಸಹೋದ್ಯೋಗಿಗಳು ಜೈಪುರ ಮಾದರಿಯ ಕಾಲು ತೊಟ್ಟವರನ್ನು ಹಲವು ದೇಶಗಳಲ್ಲಿ ಹುಡುಕಿ ಪರೀಕ್ಷಿಸಿ, 2004ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ತೊಂದರೆ ಬಹಳವಾಗಿ ಕಂಡದ್ದು ಕತ್ತರಿಸಿ ಉಳಿದ ಕಾಲಿನ ಮೊಂಡು ಕೂರುವ ಸಾಕೆಟ್ಟಿನ ಹೊಂದಾಣಿಕೆಯಲ್ಲಿ ಮತ್ತು ಕಾಲಿನ ಜೋಡಣೆಯಲ್ಲಿ. ಈ ಎರಡು ಅಧ್ಯಯನಗಳೂ ಮುಖ್ಯವಾದವು. ಆದರೆ ಇಳಿಜಾರಿನ ಪ್ರಶ್ನೆಗೆ ಎರಡರಲ್ಲೂ ಉತ್ತರವಿಲ್ಲ.

ಹತ್ತುವಾಗ ಪಾದ ಕೀಲಿನಲ್ಲಿ ಮೇಲ್ಮುಖವಾಗಿ ಬಾಗಬೇಕು. ಜೈಪುರ ಕಾಲಿನ ರಬ್ಬರ್ ಬಾಗುತ್ತದೆ, ಇದು ಲಾಭ. ಇಳಿಯುವಾಗಿನ ಲೆಕ್ಕ ಬೇರೆ. ಸಹಜ ಕಾಲಿನಲ್ಲಿ ಮೀನಖಂಡದ ಸ್ನಾಯು ಸ್ವಲ್ಪಸ್ವಲ್ಪವೇ ಸಡಿಲಗೊಳ್ಳುತ್ತ, ಕೆಳಗಾಲು ಮುಂದಕ್ಕೆ ಧಾವಿಸದಂತೆ ಹಿಡಿದಿರುತ್ತದೆ. ರಬ್ಬರಿಗೆ ಆ ಹಿಡಿತವಿಲ್ಲ. ಭಾರ ಬಿದ್ದಷ್ಟೂ ಬಾಗುತ್ತದೆ. ಆಗ ಮೊಣಕಾಲು ಹಠಾತ್ತಾಗಿ ಮಡಚಿಕೊಳ್ಳುತ್ತದೆ, ಅದನ್ನು ತಡೆಯುವ ಹೊರೆ ತೊಡೆಗೆ ಬೀಳುತ್ತದೆ. ಕಾಫಿ ಹಣ್ಣಿನ ಚೀಲ ಹೊತ್ತು ತೋಟದಿಂದ ಕಣಕ್ಕೆ ಇಳಿಯುವವನಿಗೆ ಈ ಹೊರೆ ಇನ್ನೂ ಹೆಚ್ಚು. ಹಿಮ್ಮಡಿಯ ಮೆತ್ತನೆಯ ಗುಣ ಪಾದ ಬೇಗ ನೆಲಕ್ಕೂರಲು ನೆರವಾಗುತ್ತದೆ ಎಂಬುದು ನಿಜ. ಹಾಗಾಗಿ ಇಳಿತದಲ್ಲಿ ಜೈಪುರ ಕಾಲು ಒಟ್ಟಾರೆ ಕೆಳಗಿನ ದರ್ಜೆಯದು ಎಂದು ನಾನು ಹೇಳುತ್ತಿಲ್ಲ. ಹತ್ತುವಾಗ ನೆರವಾದ ಅದೇ ಗುಣಕ್ಕೆ ಇಳಿಯುವಾಗ ಬೆಲೆ ತೆರಬೇಕಾಗಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಇದು ಯಂತ್ರಶಾಸ್ತ್ರದ ತರ್ಕ; ತೋಟದ ದಾರಿಯಲ್ಲಿ ಅಳೆದು ಸ್ಥಾಪಿಸಬೇಕಾದದ್ದು.

ಇದಕ್ಕಿಂತ ದೊಡ್ಡ ಮಾತು ಮಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದೇ ಕಷ್ಟ. ಮೊಂಡಿಗೆ ತೊಡಿಸುವ ಚೀಲ ಹಸಿಯಾಗಿದ್ದರೆ ಚರ್ಮ ಮೆದುವಾಗಿ ಉಜ್ಜಿಹೋಗುತ್ತದೆ. ಯೆನ್ಸನ್ ತಂಡ ಗುರುತಿಸಿದ ಸಾಕೆಟ್ಟಿನ ತೊಂದರೆ ಮಳೆಗಾಲದಲ್ಲಿ ಉಲ್ಬಣಿಸದೆ ಇರದು. ಹಾವಸೆಗಟ್ಟಿದ ಕಲ್ಲುಮೆಟ್ಟಿಲು, ಅಡಿಕೆ ಮರದ ಕಾಲುಸಂಕ, ಜಾರುವ ಕೆಂಪುಮಣ್ಣಿನ ದಾರಿಗಳೂ ಆಗಲೇ ಎದುರಾಗುತ್ತವೆ. ಕಳಸ ಮತ್ತು ಹೊರನಾಡುಗಳನ್ನು ಜೋಡಿಸುವ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಪದೇ ಪದೇ ಮುಳುಗಿದೆ. ಕೊಯ್ಲಿನ ಜನವರಿಯಲ್ಲಿ ಕೂಲಿ ಲೆಕ್ಕ ಬರೆಯುತ್ತ, ಪೇಟೆಗೆ ಹೋಗಿಬರುತ್ತ, ಗ್ರಾಮಸಭೆಯಲ್ಲಿ ಮಾತಾಡುತ್ತ ಇರಬಲ್ಲವನೇ ಜುಲೈಯಲ್ಲಿ ಜಗಲಿ ದಾಟದೆ ಉಳಿಯಬಹುದು. ದೇಹ ಅದೇ, ಕಾಲೂ ಅದೇ, ಬದಲಾದದ್ದು ದಾರಿ.

ನನ್ನ ಮುಖ್ಯ ಪ್ರತಿಪಾದನೆ ಇದು: ಮಲೆನಾಡಿನಲ್ಲಿ ಮಾಜಿ ಸೈನಿಕನ ಪಾಲ್ಗೊಳ್ಳುವಿಕೆಯನ್ನು ವರ್ಷಕ್ಕೊಂದೇ ಅಳತೆಯಲ್ಲಿ ಹಿಡಿಯಲಾಗದು, ಋತುವನ್ನೂ ಅಳತೆಯೊಳಗೆ ತರಬೇಕು. ಆರು ನಿಮಿಷದ ನಡಿಗೆ ಪರೀಕ್ಷೆಯ ಪ್ರಮಾಣಿತ ವಿಧಾನ ಕೇಳುವುದು 30 ಮೀಟರಿನ ಸಮತಟ್ಟಾದ ದಾರಿಯನ್ನು. ಪಿಂಚಣಿಯ ಪದ್ಧತಿಯಲ್ಲಿಯೂ ಶೇಕಡಾವಾರು ವೈಕಲ್ಯವನ್ನು 50, 75, 100 ಎಂಬ ಹಂತಗಳಿಗೆ ಏರಿಸುವ ನಿಯಮ ಬಂದಿದೆ. ಇದು ಸೈನಿಕನಿಗೆ ಉದಾರವಾದದ್ದು. ಪರಿಹಾರದ ಅಳತೆಯಾಗಿ ಅದನ್ನು ನಾನು ಪ್ರಶ್ನಿಸುವುದಿಲ್ಲ. ಅದನ್ನೇ ಬದುಕಿನ ಅಳತೆಯೆಂದು ತಿಳಿದರೆ ಮಾತ್ರ ದಾರಿಯ ದೋಷ ದೇಹದ ಲೆಕ್ಕಕ್ಕೆ ಸೇರಿಹೋಗುತ್ತದೆ. ಈ ಪ್ರತಿಪಾದನೆಗೂ ಮಿತಿಗಳಿವೆ. ಜೀಪು ಇರುವ ತೋಟದ ಮಾಲೀಕನಿಗೂ ಎರಡೆಕರೆಯ ಬೆಳೆಗಾರನಿಗೂ ಮಳೆಗಾಲ ಒಂದೇ ಅಲ್ಲ. ಬೆನ್ನುಹುರಿಯ ಗಾಯಕ್ಕೆ ಈ ತರ್ಕವನ್ನು ಹಾಗೆಯೇ ಹೊಂದಿಸಲಾಗದು. ವಯಸ್ಸು, ಮೊಂಡಿನ ಉದ್ದ, ನೋವು ಇವೂ ಲೆಕ್ಕಕ್ಕೆ ಬರಬೇಕು.

ಪರೀಕ್ಷಿಸುವ ದಾರಿ ನಮ್ಮಲ್ಲೇ ಇದೆ. ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಮತ್ತು ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸೈನಿಕ ಕಲ್ಯಾಣ ಇಲಾಖೆಯೊಂದಿಗೆ ಸೇರಿ, ಒಬ್ಬೊಬ್ಬರನ್ನೂ ಅವರ ಮನೆಯ ದಾರಿಯಲ್ಲೇ ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ನೋಡಬಹುದು. ಗಿರೀಶ್ ಭಾರದ್ವಾಜರು ಹಳ್ಳಿಗಳಿಗೆ ಕಟ್ಟಿಕೊಟ್ಟ ತೂಗುಸೇತುವೆಗಳಂಥ ಕಾಮಗಾರಿಗಳನ್ನೂ ಪುನರ್ವಸತಿಯ ಸಾಧನಗಳೆಂದು ಎಣಿಸಿ ಅವುಗಳ ಫಲವನ್ನು ಅಳೆಯಬಹುದು. ಏರಿಗೂ ಇಳಿತಕ್ಕೂ ಒಂದೇ ಪಾದ ಒದಗೀತೇ, ವರ್ಷಗಟ್ಟಲೆ ಇಳಿಜಾರು ಇಳಿದ ಮೊಣಕಾಲಿನ ಗತಿಯೇನು, ಮಳೆಗಾಲದಲ್ಲಿ ಅವನ ಕೆಲಸದ ಹೊರೆ ಮನೆಯ ಹೆಂಗಸರ ಮೇಲೆ ಎಷ್ಟು ಬೀಳುತ್ತದೆ ಎಂಬ ಪ್ರಶ್ನೆಗಳನ್ನು ಈ ಲೇಖನ ಬಿಡಿಸಿಲ್ಲ. ಇವುಗಳಲ್ಲಿ ಕೊನೆಯದನ್ನು ಮೊದಲು ಕೈಗೆತ್ತಿಕೊಳ್ಳುವುದು ಉಚಿತ.